ಒಂದೇ ಹೆಸರಿನ ಹಲವು ಗೆಂಡೆಗಳು: ಅಕ್ವೇರಿಯಂ ಬಾರ್ಬ್‌ಗಳನ್ನು ಗುರುತಿಸುವ ಕ್ರಮ

ಹೊಸಕೋಟೆ ತಾಲ್ಲೂಕಿನ ಪಿಲ್ಲಗುಂಪೆಯಂತಹ ಊರಿಗೆ ಬಾರ್ಬ್ ಮೀನು ಎರಡು ದಾರಿಗಳಿಂದ ಬರುತ್ತದೆ. ಒಂದು, ಬೆಂಗಳೂರಿನ ಅಕ್ವೇರಿಯಂ ಅಂಗಡಿಗಳಿಂದ ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಬರುವ ಟೈಗರ್ ಬಾರ್ಬ್, ರೋಸಿ ಬಾರ್ಬ್, ಒಡೆಸ್ಸಾ ಬಾರ್ಬ್, ಡೆನಿಸನ್ ಬಾರ್ಬ್ ಮುಂತಾದ ಬಣ್ಣದ ಮೀನುಗಳ ದಾರಿ. ಇನ್ನೊಂದು, ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ಹೊಸಕೋಟೆಯ ದೊಡ್ಡಕೆರೆಗೆ ನೀರೂಡಿ ತಮಿಳುನಾಡಿನತ್ತ ಸಾಗುವ ದಕ್ಷಿಣ ಪಿನಾಕಿನಿಯ ಕೆರೆಸಾಲಿನಲ್ಲಿ ಬಲೆಗೆ ಬೀಳುವ, ಹಳೆ ಮೈಸೂರು ಸೀಮೆಯವರು ಗೆಂಡೆ ಎಂದು ಕರೆಯುವ ಸಣ್ಣ ಬೆಳ್ಳಿಬಣ್ಣದ ಮೀನುಗಳ ದಾರಿ. ಅಂಗಡಿಯ ಬಾರ್ಬ್ ಮತ್ತು ಕೆರೆಯ ಗೆಂಡೆ ಹತ್ತಿರದ ನೆಂಟರೆಂಬುದು, ಅವೆರಡೂ ಕಾಟ್ಲಾ, ರೋಹುಗಳಂತೆ ಸಿಪ್ರಿನಿಡೇ ಎಂಬ ಕಾರ್ಪ್ ಕುಟುಂಬಕ್ಕೆ ಸೇರಿದವೆಂಬುದು ಸಾಕುವವರಲ್ಲಿ ಅನೇಕರಿಗೆ ತಿಳಿದಿರುವುದಿಲ್ಲ.

ತಿಳಿಯದಿರುವುದಕ್ಕೆ ಮುಖ್ಯ ಕಾರಣ ವ್ಯಾಪಾರದ ಹೆಸರುಗಳು. ಅಂಗಡಿಯ ತೊಟ್ಟಿಯ ಮೇಲೆ ಅಂಟಿಸಿರುವ ಹೆಸರು ಒಂದು ಪ್ರಭೇದವನ್ನು, ಅಂದರೆ ತಮ್ಮೊಳಗೆ ಕೂಡಿ ಸಂತಾನ ಮುಂದುವರಿಸುವ, ಒಂದೇ ವಂಶಧಾರೆಗೆ ಸೇರಿದ ಜೀವಿಗಳ ಗುಂಪನ್ನು, ಸೂಚಿಸುತ್ತದೆಂದು ಕೊಳ್ಳುವವರು ನಂಬುತ್ತಾರೆ. ಆದರೆ ಆ ಹೆಸರು ಹಲವು ವೇಳೆ ಬಣ್ಣದ ಒಂದು ಬಗೆಯನ್ನು ಮಾತ್ರ ಸೂಚಿಸುತ್ತದೆ, ಮತ್ತು ಒಂದೇ ಬಣ್ಣದ ಬಗೆ ಮೂರು ನಾಲ್ಕು ಪ್ರಭೇದಗಳಲ್ಲಿ ಇರಬಹುದು. ಆದ್ದರಿಂದ ಬಾರ್ಬ್‌ಗಳ ಗುರುತಿನಲ್ಲಿ ಬಣ್ಣವನ್ನು ಕೊನೆಗೆ ನೋಡಬೇಕು. ಮೊದಲು ಮೀಸೆ, ಅನಂತರ ಬೆನ್ನಿನ ಈಜುರೆಕ್ಕೆಯ ಮುಳ್ಳು, ಆಮೇಲೆ ಪಾರ್ಶ್ವರೇಖೆ ಮತ್ತು ಹುರುಪೆಗಳ ಎಣಿಕೆ, ಅದಾದ ಮೇಲೆ ಕಲೆಗಳು, ಇವೆಲ್ಲವುಗಳ ಜೊತೆಗೆ ಮೀನು ಬಂದ ನದಿ, ಎಂಬ ಕ್ರಮವನ್ನು ಅನುಸರಿಸಿದರೆ ಮಾತ್ರ ಹೆಸರು ನಂಬಿಕೆಗೆ ಅರ್ಹವಾಗುತ್ತದೆ.

ವರ್ಗೀಕರಣ ಬದಲಾದ ಬಗೆ

ಈ ಮೀನುಗಳ ಹೆಸರುಗಳು ಪುಸ್ತಕದಿಂದ ಪುಸ್ತಕಕ್ಕೆ ಬದಲಾಗುತ್ತವೆಂಬ ದೂರು ಸಾಮಾನ್ಯವಾದುದು, ಮತ್ತು ಅದು ನಿಜವೂ ಹೌದು. ಫ್ರಾನ್ಸಿಸ್ ಹ್ಯಾಮಿಲ್ಟನ್ 1822ರಲ್ಲಿ ಗಂಗಾನದಿಯ ಮೀನುಗಳ ಕುರಿತು ಪ್ರಕಟಿಸಿದ ಗ್ರಂಥದಲ್ಲಿ ಪುಂಟಿಯಸ್ ಎಂಬ ಹೆಸರನ್ನು ಬಳಕೆಗೆ ತಂದನು; ಥಾಮಸ್ ಜೆರ್ಡನ್ 1849ರಲ್ಲಿ ದಕ್ಷಿಣ ಭಾರತದ ಸಿಹಿನೀರಿನ ಮೀನುಗಳನ್ನು ವಿವರಿಸುವಾಗ ಇಂದು ಕರ್ನಾಟಕದ ಅಕ್ವೇರಿಯಂಗಳಲ್ಲಿ ಕಾಣುವ ಹಲವು ಪ್ರಭೇದಗಳಿಗೆ ಮೊದಲ ಹೆಸರಿಟ್ಟನು; ಅವರ ನಂತರ ಬಂದ ಫ್ರಾನ್ಸಿಸ್ ಡೇ 1875ರಿಂದ 1878ರವರೆಗೆ ಹೊರತಂದ ಭಾರತದ ಮೀನುಗಳ ಬೃಹತ್ ಗ್ರಂಥದಲ್ಲಿ ಇವೆಲ್ಲವನ್ನೂ ಬಾರ್ಬಸ್ ಎಂಬ ಒಂದೇ ಕುಲದಲ್ಲಿಟ್ಟು, ನಾಲ್ಕು ಮೀಸೆಯವು, ಎರಡು ಮೀಸೆಯವು, ಮೀಸೆಯಿಲ್ಲದವು ಎಂದು ಮೂರು ಉಪಕುಲಗಳಾಗಿ ವಿಂಗಡಿಸಿದನು. ಕುಲವೆಂದರೆ ಒಂದೇ ಪೂರ್ವಜನಿಂದ ಬಂದವೆಂದು ಭಾವಿಸಲಾದ ಪ್ರಭೇದಗಳ ಗುಂಪು; ವೈಜ್ಞಾನಿಕ ಹೆಸರಿನ ಮೊದಲ ಪದ ಕುಲವನ್ನೂ ಎರಡನೆಯ ಪದ ಪ್ರಭೇದವನ್ನೂ ಹೇಳುತ್ತದೆ.

ಡೇ ಮಾಡಿದ ವಿಂಗಡಣೆಯಿಂದ ಒಂದು ಪಾಠ ಇಂದಿಗೂ ದೊರೆಯುತ್ತದೆ. ಮೀಸೆಯ ಎಣಿಕೆಯಿಂದ ಮೀನನ್ನು ಗುರುತಿಸುವುದು ಸುಲಭವಾಗುತ್ತದೆ, ಆದರೆ ಮೀಸೆಯ ಎಣಿಕೆ ನೆಂಟಸ್ತಿಕೆಯನ್ನು ಹೇಳುವುದಿಲ್ಲ. ಬೇರೆ ಬೇರೆ ವಂಶಧಾರೆಗಳಲ್ಲಿ ಮೀಸೆಗಳು ಪ್ರತ್ಯೇಕವಾಗಿಯೇ ಕುಗ್ಗಿವೆ, ಮಾಯವಾಗಿವೆ. ಗುರುತಿಸುವುದಕ್ಕೆ ಒದಗುವ ಲಕ್ಷಣಗಳೂ ವರ್ಗೀಕರಿಸುವುದಕ್ಕೆ ಒದಗುವ ಲಕ್ಷಣಗಳೂ ಒಂದೇ ಆಗಿರಬೇಕಿಲ್ಲ ಎಂಬ ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಗೊಂದಲಗಳಲ್ಲಿ ಅರ್ಧದಷ್ಟು ಕಳೆಯುತ್ತದೆ.

ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಕೆ. ಸಿ. ಜಯರಾಂ ಅವರು 1991ರಲ್ಲಿ ಭಾರತದ ಪುಂಟಿಯಸ್ ಮೀನುಗಳನ್ನು ಪರಿಷ್ಕರಿಸಿದಾಗಲೂ ಒಂದೇ ದೊಡ್ಡ ಕುಲ ಉಳಿದುಕೊಂಡಿತ್ತು. ಅದು ಒಡೆದದ್ದು 2012ರಲ್ಲಿ: ಶ್ರೀಲಂಕಾದ ರೋಹನ್ ಪೆತಿಯಾಗೊಡ, ಮಾಧವ ಮೀಗಸ್ಕುಂಬುರ ಮತ್ತು ಕಲಣ ಮಡುವಗೆ ಅವರು ಮೂಳೆಯ ರಚನೆ ಮತ್ತು ಡಿಎನ್‌ಎ ಎರಡನ್ನೂ ಪರಿಶೀಲಿಸಿ, ದಕ್ಷಿಣ ಏಷ್ಯಾದ ಪುಂಟಿಯಸ್‌ಗಳಿಂದ ಪೆಥಿಯಾ, ಡಾಕಿನ್ಸಿಯಾ ಮತ್ತು ದ್ರವಿಡಿಯಾ ಎಂಬ ಕುಲಗಳನ್ನು ಬೇರ್ಪಡಿಸಿದರು; ಸಿಸ್ಟೋಮಸ್ ಎಂಬ ಹಳೆಯ ಹೆಸರನ್ನು ಮತ್ತೆ ಬಳಕೆಗೆ ತಂದರು. ದ್ರವಿಡಿಯಾ ಎಂಬ ಹೆಸರನ್ನು ಅದಾಗಲೇ ಒಂದು ನೊಣದ ಕುಲಕ್ಕೆ ಇಡಲಾಗಿತ್ತೆಂದು ತಿಳಿದಾಗ, ಪ್ರಾಣಿಗಳಲ್ಲಿ ಎರಡು ಕುಲಗಳಿಗೆ ಒಂದೇ ಹೆಸರು ಸಲ್ಲದೆಂಬ ನಿಯಮದಂತೆ, 2013ರಲ್ಲಿ ಅದರ ಬದಲಿಗೆ ಹಲುದಾರಿಯಾ ಎಂಬ ಹೆಸರು ಬಂದಿತು. ಹ್ಯಾಮಿಲ್ಟನ್‌ನ ಗ್ರಂಥಕ್ಕೆ ಮೀನಿನ ಚಿತ್ರಗಳನ್ನು ಬರೆದುಕೊಟ್ಟ ಹಲುದಾರ್ ಎಂಬ ಬಂಗಾಳಿ ಕಲಾವಿದನ ನೆನಪು ಎರಡು ಶತಮಾನಗಳ ಬಳಿಕ ಹೀಗೆ ಉಳಿದದ್ದು ನ್ಯಾಯವೇ ಸರಿ. ಅದೇ ವರ್ಷ ಡೆನಿಸನ್ ಬಾರ್ಬ್ ಮತ್ತು ಅದರ ನೆಂಟನಿಗೆ ಸಹ್ಯಾದ್ರಿಯಾ ಎಂಬ ಕುಲವನ್ನೂ, ಆಗ್ನೇಯ ಏಷ್ಯಾದ ಟೈಗರ್ ಬಾರ್ಬ್‌ಗಳಿಗೆ ಪುಂಟಿಗ್ರಸ್ ಎಂಬ ಕುಲವನ್ನೂ ಬೇರೆ ಬೇರೆ ಸಂಶೋಧಕರು ಸ್ಥಾಪಿಸಿದರು.

ಹೆಸರಿನ ಜೊತೆಗೆ ಬರುವ ಆವರಣ ಚಿಹ್ನೆಯನ್ನು ಓದಲು ಕಲಿತರೆ ಈ ಇತಿಹಾಸವನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ. 'ಡಾಕಿನ್ಸಿಯಾ ಅರುಲಿಯಸ್ (ಜೆರ್ಡನ್, 1849)' ಎಂದು ಬರೆದಿದ್ದರೆ, ಆ ಪ್ರಭೇದವನ್ನು ಜೆರ್ಡನ್ 1849ರಲ್ಲಿ ವಿವರಿಸಿದನೆಂದೂ, ಆದರೆ ಅವನು ಇಟ್ಟ ಕುಲದಿಂದ ಅದು ಈಗ ಬೇರೆ ಕುಲಕ್ಕೆ ಹೋಗಿದೆಯೆಂದೂ ಅರ್ಥ; ಆವರಣವಿಲ್ಲದಿದ್ದರೆ ಮೊದಲಿನ ಕುಲವೇ ಇನ್ನೂ ಉಳಿದಿದೆ. ಹಳೆಯ ಪುಸ್ತಕದ ಬಾರ್ಬಸ್, ನಡುವಣ ಪುಸ್ತಕದ ಪುಂಟಿಯಸ್, ಇಂದಿನ ಡಾಕಿನ್ಸಿಯಾ, ಇವು ಒಂದೇ ಮೀನಿನವೇ ಎಂದು ತಿಳಿಯಲು ಎರಡನೆಯ ಪದವನ್ನೂ ಲೇಖಕನ ಹೆಸರನ್ನೂ ವರ್ಷವನ್ನೂ ಹೋಲಿಸಿದರೆ ಸಾಕು. ಎರಡನೆಯ ಪದದ ಕೊನೆಯ ಅಕ್ಷರ ಮಾತ್ರ ಲ್ಯಾಟಿನ್ ವ್ಯಾಕರಣದ ಲಿಂಗಕ್ಕೆ ಹೊಂದಿಕೊಂಡು ಫಿಲಮೆಂಟೋಸಸ್ ಇದ್ದದ್ದು ಫಿಲಮೆಂಟೋಸಾ ಎಂದು ಬದಲಾಗಿರಬಹುದು.

ಕುಲವನ್ನು ಹಿಡಿಯುವ ಮೂರು ಲಕ್ಷಣಗಳು

ಪರೀಕ್ಷೆಗೆ ಮೀನನ್ನು ನೀರಿನಿಂದ ಹೊರತೆಗೆಯಬೇಕಿಲ್ಲ, ತೆಗೆಯಲೂಬಾರದು. ಮೀನು ತಿರುಗಲಾಗದಷ್ಟು ಕಿರಿದಾದ ಚಿಕ್ಕ ಗಾಜಿನ ಪೆಟ್ಟಿಗೆಗೆ ಅದೇ ತೊಟ್ಟಿಯ ನೀರನ್ನು ತುಂಬಿ, ಮೀನನ್ನು ಕೆಲವೇ ನಿಮಿಷ ಅದರಲ್ಲಿಟ್ಟು, ಪಕ್ಕದಿಂದ ಓರೆಯಾಗಿ ಬೀಳುವ ಬೆಳಕಿನಲ್ಲಿ ಎಡಮಗ್ಗುಲಿನ ಹಲವು ಛಾಯಾಚಿತ್ರಗಳನ್ನು ತೆಗೆದುಕೊಂಡರೆ, ಆಮೇಲೆ ಚಿತ್ರವನ್ನು ದೊಡ್ಡದು ಮಾಡಿಕೊಂಡು ನಿಧಾನವಾಗಿ ಎಣಿಸಬಹುದು. ಎಡಮಗ್ಗುಲನ್ನೇ ತೆಗೆಯುವುದು ಮೀನುಶಾಸ್ತ್ರದ ರೂಢಿ. ಬೇರೆಯವರ ಚಿತ್ರಗಳೊಡನೆ ಹೋಲಿಸಲು ಇದು ಅನುಕೂಲ. ಬಾಯಿಯ ಸ್ಥಾನ ಕಾಣುವಂತೆ ಮುಖದ ಒಂದು ಚಿತ್ರವನ್ನೂ ಬೆನ್ನಿನ ಈಜುರೆಕ್ಕೆ ಬಿಚ್ಚಿಕೊಂಡಿರುವ ಒಂದು ಚಿತ್ರವನ್ನೂ ಸೇರಿಸಿಕೊಳ್ಳಬೇಕು.

ಮೊದಲ ಲಕ್ಷಣ ಮೀಸೆ. ಬಾರ್ಬ್‌ಗಳಿಗೆ ಹೆಚ್ಚೆಂದರೆ ಎರಡು ಜೊತೆ ಮೀಸೆಗಳಿರುತ್ತವೆ: ಮೂತಿಯ ತುದಿಯ ಬಳಿ ಒಂದು ಜೊತೆ, ಬಾಯಿಯ ಮೂಲೆಯಲ್ಲಿ ಇನ್ನೊಂದು ಜೊತೆ. ಬಾಯಿಮೂಲೆಯ ಮೀಸೆ ಕೆಲವು ಪ್ರಭೇದಗಳಲ್ಲಿ ಎಷ್ಟು ಚಿಕ್ಕದೆಂದರೆ ಭೂತಗನ್ನಡಿಯಿಲ್ಲದೆ ಕಾಣುವುದಿಲ್ಲ. ಕಾಣದೆ ಇದ್ದುದನ್ನು ಇಲ್ಲವೆಂದು ಬರೆದುಕೊಳ್ಳುವುದು ಗುರುತು ತಪ್ಪಲು ಅತಿ ಸಾಮಾನ್ಯ ಕಾರಣ. ಎರಡನೆಯ ಲಕ್ಷಣ ಬೆನ್ನಿನ ಈಜುರೆಕ್ಕೆಯ ಮುಂಭಾಗದಲ್ಲಿ ಕವಲೊಡೆಯದೆ ನಿಲ್ಲುವ ಕೊನೆಯ ಕಡ್ಡಿ. ಇದರ ಹಿಂಬದಿಯ ಅಂಚು ಗರಗಸದಂತೆ ಹಲ್ಲುಹಲ್ಲಾಗಿದೆಯೇ, ನುಣುಪಾಗಿದೆಯೇ ಎಂಬುದನ್ನು ನೋಡಬೇಕು. ಮೂರನೆಯದು ಪಾರ್ಶ್ವರೇಖೆ, ಅಂದರೆ ನೀರಿನ ಚಲನೆಯನ್ನು ಅರಿಯುವ ಸೂಕ್ಷ್ಮ ರಂಧ್ರಗಳುಳ್ಳ ಹುರುಪೆಗಳ ಸಾಲು. ಕಿವಿರಿನ ಹಿಂದಿನಿಂದ ಬಾಲದ ಬುಡದವರೆಗೆ ಪ್ರತಿ ಹುರುಪೆಯಲ್ಲೂ ರಂಧ್ರವಿದ್ದರೆ ರೇಖೆ ಪೂರ್ಣ. ಮೊದಲ ಕೆಲವು ಹುರುಪೆಗಳ ನಂತರ ರಂಧ್ರಗಳು ನಿಂತುಹೋದರೆ ಅಪೂರ್ಣ. ಎಣಿಕೆಯನ್ನು ಬಾಲವನ್ನು ಬಾಗಿಸಿದಾಗ ಮಡಿಕೆ ಬೀಳುವ ಜಾಗದಲ್ಲಿ ನಿಲ್ಲಿಸಬೇಕು. ಅದರಾಚೆ ಬಾಲದ ಈಜುರೆಕ್ಕೆಯ ಮೇಲೆ ಕುಳಿತಿರುವ ಒಂದೆರಡು ಹುರುಪೆಗಳನ್ನು ಬೇರೆಯಾಗಿ ಬರೆದುಕೊಳ್ಳುವುದು ಕ್ರಮ. ಇದನ್ನು ಮರೆತು ಎಣಿಸಿದವರ ಲೆಕ್ಕ ಪುಸ್ತಕದ ಲೆಕ್ಕಕ್ಕಿಂತ ಯಾವಾಗಲೂ ಒಂದೆರಡು ಹೆಚ್ಚೇ ಬರುತ್ತದೆ.

ಈ ಮೂರನ್ನು ಕೂಡಿಸಿದರೆ ಕರ್ನಾಟಕದಲ್ಲಿ ಕಾಣುವ ಕುಲಗಳು ಸಾಕಷ್ಟು ಸ್ಪಷ್ಟವಾಗಿ ಬೇರ್ಪಡುತ್ತವೆ. ಗರಗಸದ ಮುಳ್ಳು ಇದ್ದು, ಮೀಸೆ ಇಲ್ಲದಿದ್ದರೆ ಅಥವಾ ಬಾಯಿಮೂಲೆಯಲ್ಲಿ ಅತಿ ಚಿಕ್ಕದಾಗಿದ್ದರೆ, ಬಾಲದ ಬುಡದ ಮೇಲೆ ಕಪ್ಪು ಕಲೆಯೂ ಇದ್ದರೆ ಅದು ಪೆಥಿಯಾ. ಗರಗಸದ ಮುಳ್ಳಿನ ಜೊತೆಗೆ ನಾಲ್ಕು ಮೀಸೆಗಳಿದ್ದು, ಮೈ ದೊಡ್ಡದಾಗಿ ಬೆಳ್ಳಿಯಂತಿದ್ದರೆ ಸಿಸ್ಟೋಮಸ್. ಕೆರೆಗಳಲ್ಲಿ ಸಿಗುವ, ಊಟಕ್ಕೂ ಬರುವ ದೊಡ್ಡ ಗೆಂಡೆ ಸಿಸ್ಟೋಮಸ್ ಸರಾನಾ ಈ ಕುಲದ್ದು. ಮುಳ್ಳು ನುಣುಪಾಗಿ, ನಾಲ್ಕು ಮೀಸೆಗಳಿದ್ದು, ಸಣ್ಣ ಮೈಮೇಲೆ ಅಗಲವಾದ ಕಪ್ಪು ಅಡ್ಡಪಟ್ಟೆಗಳಿದ್ದರೆ ಹಲುದಾರಿಯಾ. ಅಂಗಡಿಯವರು ಮೆಲನ್ ಬಾರ್ಬ್ ಎನ್ನುವುದು ಇದೇ. ಮುಳ್ಳು ನುಣುಪಾಗಿ, ಮೂತಿಯ ಮೀಸೆಯಿಲ್ಲದೆ, ಪಾರ್ಶ್ವರೇಖೆ ಪೂರ್ಣವಾಗಿದ್ದು ಸುಮಾರು 18ರಿಂದ 22 ಹುರುಪೆಗಳನ್ನು ಹೊಂದಿ, ಬೆಳೆದ ಮೀನಿನ ಬಾಲದ ಬುಡದಲ್ಲಿ ದೊಡ್ಡ ಕಪ್ಪು ಕಲೆಯಿದ್ದರೆ ಡಾಕಿನ್ಸಿಯಾ. ಅದೇ ನುಣುಪು ಮುಳ್ಳು, ಬಾಯಿಮೂಲೆಯಲ್ಲಿ ಮಾತ್ರ ಮೀಸೆ, ಆದರೆ ಪಾರ್ಶ್ವರೇಖೆಯಲ್ಲಿ 26ರಿಂದ 28 ಹುರುಪೆಗಳು ಮತ್ತು ಉದ್ದನೆಯ ಮೈಯುದ್ದಕ್ಕೂ ಕಪ್ಪುಪಟ್ಟೆಯ ಮೇಲೆ ಕೆಂಪು ಗೆರೆಯಿದ್ದರೆ ಸಹ್ಯಾದ್ರಿಯಾ. ಇವು ಯಾವುದಕ್ಕೂ ಸೇರದೆ, ನುಣುಪು ಮುಳ್ಳಿನ, ಮೀಸೆಯಿಲ್ಲದ ಅಥವಾ ಒಂದೇ ಜೊತೆ ಮೀಸೆಯ ಸಣ್ಣ ಬೆಳ್ಳಿಮೀನು ಬಹುತೇಕ ಪುಂಟಿಯಸ್. ಮೀಸೆಯಿಲ್ಲದೆ ಬಾಲದ ಬುಡದಲ್ಲಿ ದುಂಡು ಕಲೆಯುಳ್ಳ ಪುಂಟಿಯಸ್ ಸೊಫೊರೆ, ಬಾಯಿಮೂಲೆಯ ಮೀಸೆಯುಳ್ಳ ಪುಂಟಿಯಸ್ ಚೋಲಾ, ಬೆನ್ನಿನ ಈಜುರೆಕ್ಕೆಯ ಹಿಂಬುಡದಲ್ಲಿ ಕಪ್ಪು ಚುಕ್ಕೆಯುಳ್ಳ ಪುಂಟಿಯಸ್ ಡಾರ್ಸಾಲಿಸ್ ಇದರಲ್ಲಿ ಸೇರುತ್ತವೆ.

ಈ ಸೂತ್ರ ದಕ್ಷಿಣ ಏಷ್ಯಾದ ಬಾರ್ಬ್‌ಗಳಿಗೆ ಮಾತ್ರ ಅನ್ವಯಿಸುತ್ತದೆ ಎಂಬುದನ್ನು ಒತ್ತಿ ಹೇಳಬೇಕು. ಸುಮಾತ್ರಾ, ಬೋರ್ನಿಯೊ, ಚೀನಾಗಳಿಂದ ಮೂಲತಃ ಬಂದ ಅಂಗಡಿ ಮೀನುಗಳಿಗೆ ಇದನ್ನು ಹಚ್ಚಿದರೆ ತಪ್ಪು ಕುಲ ಸಿಗುತ್ತದೆ.

ಅತಿ ಹೆಚ್ಚು ಗೊಂದಲದ ಗುಂಪುಗಳು

ಪೆಥಿಯಾ ಕುಲದಲ್ಲಿ ಗೊಂದಲದ ಕೇಂದ್ರ ಪೆಥಿಯಾ ಟಿಕ್ಟೊ. ಬೆಳ್ಳಿಮೈಯ ಮೇಲೆ ಕಿವಿರಿನ ಹಿಂದೆ ಒಂದು, ಬಾಲದ ಬಳಿ ಒಂದು ಕಪ್ಪು ಚುಕ್ಕೆಯುಳ್ಳ ಯಾವುದೇ ಸಣ್ಣ ಮೀನಿಗೆ ಟಿಕ್ಟೊ ಎಂದು ಹೆಸರಿಡುವ ಅಭ್ಯಾಸ ದಶಕಗಳ ಕಾಲ ನಡೆಯಿತು. ಮೀನುಗಳ ಸಮೀಕ್ಷಾ ವರದಿಗಳಲ್ಲೂ ಈ ಅಭ್ಯಾಸ ಕಾಣುತ್ತದೆ. ಫ್ರಾನ್ಸಿಸ್ ಡೇ 1865ರಲ್ಲಿ ಕೇರಳ ಕರಾವಳಿಯಿಂದ ವಿವರಿಸಿದ ಪೆಥಿಯಾ ಪಂಕ್ಟಾಟಾವನ್ನು ಟಿಕ್ಟೊದಲ್ಲೇ ಸೇರಿಸಿಬಿಟ್ಟಿದ್ದ ಕಾಲವೂ ಇತ್ತು. ಟಿಕ್ಟೊದ ಪಾರ್ಶ್ವರೇಖೆ ಅಪೂರ್ಣ, ಪಂಕ್ಟಾಟಾದ್ದು ಪೂರ್ಣ; ಚುಕ್ಕೆಗಳನ್ನು ಎಷ್ಟು ದಿಟ್ಟಿಸಿದರೂ ದೊರೆಯದ ಈ ಅಂತರ ಓರೆ ಬೆಳಕಿನಲ್ಲಿ ತೆಗೆದ ಒಂದು ಚಿತ್ರದಲ್ಲಿ ದೊರೆಯುತ್ತದೆ.

ಒಡೆಸ್ಸಾ ಬಾರ್ಬ್‌ನ ಕಥೆ ಇದಕ್ಕಿಂತ ಬೋಧಪ್ರದವಾದುದು. ಗಂಡಿನ ಮಗ್ಗುಲಲ್ಲಿ ಕೆಂಡದಂತಹ ಕೆಂಪುಪಟ್ಟೆಯುಳ್ಳ ಈ ಮೀನು 1970ರ ದಶಕದಲ್ಲಿ ಆಗಿನ ಸೋವಿಯತ್ ಒಕ್ಕೂಟದ ಒಡೆಸ್ಸಾ ನಗರದ ಮೂಲಕ ಹವ್ಯಾಸಿಗಳ ಗಮನಕ್ಕೆ ಬಂದು, ಎಲ್ಲಿಯ ಮೀನು ಎಂಬುದೇ ತಿಳಿಯದೆ, ಟಿಕ್ಟೊದ ಒಂದು ಬಣ್ಣದ ಬಗೆಯೆಂದು ಜಗತ್ತಿನಾದ್ಯಂತ ಮಾರಾಟವಾಯಿತು. ಅದು ಮ್ಯಾನ್ಮಾರ್‌ನ ಪ್ರತ್ಯೇಕ ಪ್ರಭೇದವೆಂದು ಸ್ವೆನ್ ಕುಲ್ಲಾಂಡರ್ ಮತ್ತು ರಾಲ್ಫ್ ಬ್ರಿಟ್ಜ್ ತೋರಿಸಿ ಪದಮ್ಯ ಎಂಬ ಹೆಸರು ಕೊಟ್ಟದ್ದು 2008ರಲ್ಲಿ. ಮೂರು ದಶಕಗಳಿಗೂ ಹೆಚ್ಚು ಕಾಲ ಲಕ್ಷಾಂತರ ಮನೆಗಳಲ್ಲಿ ಸಾಕಲ್ಪಟ್ಟ ಒಂದು ಮೀನಿಗೆ ವೈಜ್ಞಾನಿಕ ಹೆಸರೇ ಇರಲಿಲ್ಲ, ಏಕೆಂದರೆ ಅದಕ್ಕೆ ಹೆಸರಿದೆಯೆಂದು ಎಲ್ಲರೂ ನಂಬಿದ್ದರು. ರೋಸಿ ಬಾರ್ಬ್ ಎಂಬ ಪೆಥಿಯಾ ಕೊಂಕೋನಿಯಸ್ ಇವೆರಡರಿಂದ ಸುಲಭವಾಗಿ ಬೇರೆಯಾಗುತ್ತದೆ: ಅದಕ್ಕೆ ಬಾಲದ ಕಡೆ ಒಂದೇ ಕಪ್ಪು ಕಲೆ, ಕಿವಿರಿನ ಹಿಂದೆ ಚುಕ್ಕೆಯಿಲ್ಲ. ಉದ್ದ ರೆಕ್ಕೆಯ ರೋಸಿ, ನಿಯಾನ್ ರೋಸಿ ಎಂದು ಮಾರುವವು ಪ್ರಭೇದಗಳಲ್ಲ, ಸಾಕುಕೊಳಗಳಲ್ಲಿ ಆಯ್ದು ಬೆಳೆಸಿದ ತಳಿಗಳು.

ಕರ್ನಾಟಕದ್ದೇ ಆದ ಪೆಥಿಯಾಗಳನ್ನು ಇಲ್ಲಿನ ಹವ್ಯಾಸಿಗಳು ಅಂಗಡಿ ಮೀನಿನಷ್ಟು ಅರಿತಿಲ್ಲ ಎಂಬುದು ಸೋಜಿಗ. ಸುಂದರ್ ಲಾಲ್ ಹೋರಾ 1937ರಲ್ಲಿ ಕೊಡಗಿನ ಕಾವೇರಿಯ ಮೀನೊಂದನ್ನು ವಿವರಿಸಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಸಿ. ಆರ್. ನಾರಾಯಣ ರಾವ್ ಅವರ ಗೌರವಾರ್ಥ ಅದಕ್ಕೆ ನಾರಾಯಣಿ ಎಂಬ ಹೆಸರಿಟ್ಟರು. ಅದು ಇಂದಿನ ಪೆಥಿಯಾ ನಾರಾಯಣಿ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ತುಂಗಾ ನದಿಯಿಂದ ಪೆಥಿಯಾ ಸ್ಟ್ರಿಯಾಟಾ ವಿವರಿಸಲ್ಪಟ್ಟದ್ದು 2015ರಲ್ಲಿ. ಮಗ್ಗುಲಿನ ಹುರುಪೆಸಾಲುಗಳ ಉದ್ದಕ್ಕೂ ಸಾಗುವ ಕಪ್ಪು ಗೆರೆಗಳಿಂದ ಅದಕ್ಕೆ ಆ ಹೆಸರು. ಮಲೆನಾಡಿನ ತೊರೆಯಿಂದ ತಂದ ಚುಕ್ಕೆಯ ಮೀನಿಗೆ ಟಿಕ್ಟೊ ಎಂದು ಚೀಟಿ ಅಂಟಿಸುವ ಮೊದಲು ಈ ಪ್ರಭೇದಗಳನ್ನು ಒಂದೊಂದಾಗಿ ಹೊರಗಿಡಬೇಕಾಗುತ್ತದೆ.

ಡಾಕಿನ್ಸಿಯಾ ಕುಲದ ಸಮಸ್ಯೆ ಬೇರೆ ಬಗೆಯದು. ಬೆಳೆದ ಗಂಡಿನ ಬೆನ್ನಿನ ಈಜುರೆಕ್ಕೆಯ ಕಡ್ಡಿಗಳು ತಂತುಗಳಂತೆ ನೀಳವಾಗಿ ಹೊರಚಾಚುವುದರಿಂದ ಇವುಗಳಲ್ಲಿ ಹಲವನ್ನು ಫಿಲಮೆಂಟ್ ಬಾರ್ಬ್ ಎನ್ನುತ್ತಾರೆ. ಆದರೆ ಮರಿಗಳಿಗೆ ತಂತುಗಳೂ ಇಲ್ಲ, ಬೆಳೆದ ಮೀನಿನ ಕಲೆಗಳೂ ಇಲ್ಲ, ಬದಲಿಗೆ ಅಡ್ಡಪಟ್ಟೆಗಳಿರುತ್ತವೆ. ಎರಡು ಮೂರು ಸೆಂಟಿಮೀಟರಿನ ಮರಿಯ ಅಡ್ಡಪಟ್ಟೆಯನ್ನು ನೋಡಿ ಪ್ರಭೇದ ಹೇಳುವುದು ಅನುಭವಿಗಳಿಗೂ ಸಾಧ್ಯವಾಗದ ಕೆಲಸ, ಮತ್ತು ಅಂಗಡಿಗಳಲ್ಲಿ ಮಾರಾಟಕ್ಕಿರುವವು ಬಹುಪಾಲು ಮರಿಗಳೇ. ಪೆತಿಯಾಗೊಡ ಮತ್ತು ಮಾರಿಸ್ ಕೊಟ್ಟೆಲಾಟ್ 2005ರಲ್ಲಿ ಈ ಗುಂಪನ್ನು ಪರಿಶೀಲಿಸಿದ ಬಳಿಕ, ಒಂದೇ ಎಂದು ಭಾವಿಸಿದ್ದ ಮೀನುಗಳು ನದಿಗೊಂದರಂತೆ ಬೇರೆಯಾಗತೊಡಗಿದವು. ದಕ್ಷಿಣ ಕನ್ನಡದ ನೇತ್ರಾವತಿಯಲ್ಲಿ ಕಾಣುವ ಡಾಕಿನ್ಸಿಯಾ ಅಸ್ಸಿಮಿಲಿಸ್‌ನ ಬಾಯಿಮೂಲೆಯ ಮೀಸೆ ಚೆನ್ನಾಗಿ ಬೆಳೆದಿರುತ್ತದೆ. ಡಾಕಿನ್ಸಿಯಾ ಫಿಲಮೆಂಟೋಸಾದಲ್ಲಿ ಆ ಮೀಸೆ ಅತಿ ಚಿಕ್ಕದು ಅಥವಾ ಇಲ್ಲವೇ ಇಲ್ಲ. ಉಡುಪಿ ಜಿಲ್ಲೆಯ ಸೀತಾನದಿಯ ಮೀನನ್ನು 2020ರಲ್ಲಿ ಉನ್ಮೇಶ್ ಕಟ್ವಟೆ ಮತ್ತು ಸಂಗಡಿಗರು ಡಾಕಿನ್ಸಿಯಾ ಅಪ್ಸರಾ ಎಂಬ ಪ್ರತ್ಯೇಕ ಪ್ರಭೇದವೆಂದು ವಿವರಿಸಿದರು; ಅದೇ ಲೇಖನದಲ್ಲಿ ಪಶ್ಚಿಮಘಟ್ಟದ ಇನ್ನೆರಡು ಹೊಸ ಡಾಕಿನ್ಸಿಯಾಗಳೂ ಇದ್ದವು. ಒಂದೇ ಕರಾವಳಿಯಲ್ಲಿ ಪಶ್ಚಿಮಕ್ಕೆ ಹರಿಯುವ ನದಿಗಳು ಸಮುದ್ರಕ್ಕೆ ಬೇರೆ ಬೇರೆಯಾಗಿ ಸೇರುವುದರಿಂದ ಸಿಹಿನೀರಿನ ಮೀನು ಒಂದರಿಂದ ಇನ್ನೊಂದಕ್ಕೆ ದಾಟಲಾರದೆ, ದೀರ್ಘಕಾಲದಲ್ಲಿ ಪ್ರತ್ಯೇಕ ವಂಶಧಾರೆಗಳಾಗಿ ಬೆಳೆಯುತ್ತದೆ. ನದಿಯ ಹೆಸರು ಬಾರ್ಬ್‌ನ ಗುರುತಿನಲ್ಲಿ ಹುರುಪೆಯ ಎಣಿಕೆಯಷ್ಟೇ ಮುಖ್ಯವಾಗುವುದು ಈ ಕಾರಣದಿಂದ.

ಕಾವೇರಿ ಜಲಾನಯನದ ಡಾಕಿನ್ಸಿಯಾ ಅರುಲಿಯಸ್‌ನ ಹೆಸರಿನಲ್ಲಿ ವ್ಯಾಪಾರಕ್ಕೆ ಬರುವ ಮೀನುಗಳಲ್ಲಿ ಹೆಚ್ಚಿನವು ತಮಿಳುನಾಡಿನ ತಾಮ್ರಪರ್ಣಿ ನದಿಯ ಡಾಕಿನ್ಸಿಯಾ ತಾಂಬ್ರಪರ್ಣಿಯೈ. ಇದನ್ನು ಇ. ಜಿ. ಸೈಲಾಸ್ 1954ರಲ್ಲಿಯೇ ಪ್ರತ್ಯೇಕಿಸಿದ್ದರೂ ಅಂಗಡಿಯ ಚೀಟಿ ಇನ್ನೂ ತಿದ್ದಿಕೊಂಡಿಲ್ಲ. ಬೆಳೆದ ಗಂಡಿನಲ್ಲಿ ಬೆನ್ನಿನ ತಂತುಗಳು ಎದ್ದು ಕಾಣುವಷ್ಟು ನೀಳವಾಗಿದ್ದರೆ ಅದು ತಾಂಬ್ರಪರ್ಣಿಯೈ ಇರುವ ಸಂಭವವೇ ಹೆಚ್ಚು. ಕಾವೇರಿಯ ನಾಡಿನಲ್ಲಿ ಕುಳಿತು ಕಾವೇರಿಯ ಮೀನಿನ ಹೆಸರಿನಲ್ಲಿ ತಾಮ್ರಪರ್ಣಿಯ ಮೀನನ್ನು ಕೊಳ್ಳುವುದು ವ್ಯಾಪಾರದ ಹೆಸರುಗಳ ಮೇಲೆ ಭರವಸೆ ಇಡುವವರು ಗಮನಿಸಬೇಕಾದ ಸಂಗತಿ.

ಸಹ್ಯಾದ್ರಿಯಾದಲ್ಲಿ ಪ್ರಭೇದಗಳು ಎರಡೇ. ಡೇ 1865ರಲ್ಲಿ ಮದ್ರಾಸಿನ ಗವರ್ನರ್ ವಿಲಿಯಂ ಡೆನಿಸನ್‌ನ ಹೆಸರಿನಲ್ಲಿ ವಿವರಿಸಿದ ಸಹ್ಯಾದ್ರಿಯಾ ಡೆನಿಸೋನಿ ಕೇರಳದ ನದಿಗಳಲ್ಲೂ, ಕೊಡಗಿನ ಕಡೆಯಿಂದ ಇಳಿದು ಕಾಸರಗೋಡಿನ ಬಳಿ ಸಮುದ್ರ ಸೇರುವ ಚಂದ್ರಗಿರಿಯಲ್ಲೂ ಇದೆ; ಸಹ್ಯಾದ್ರಿಯಾ ಚಾಲಕ್ಕುಡಿಯೆನ್ಸಿಸ್ 1999ರಲ್ಲಿ ಚಾಲಕ್ಕುಡಿ ನದಿಯಿಂದ ವಿವರಿಸಲ್ಪಟ್ಟಿತು. ಎರಡನೆಯದರ ಬಾಯಿ ಮೂತಿಯ ಕೆಳಭಾಗದಲ್ಲಿದ್ದು, ಬೆನ್ನಿನ ಈಜುರೆಕ್ಕೆಯ ಮೇಲೆ ಕಪ್ಪು ಮಚ್ಚೆಯಿರುತ್ತದೆ; ಮೊದಲನೆಯದರ ಬಾಯಿ ಮೂತಿಯ ತುದಿಯಲ್ಲಿದೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪುಪಟ್ಟಿ ಎರಡನ್ನೂ ಅಪಾಯದಂಚಿನವೆಂದು ಗುರುತಿಸಿದೆ.

ಟೈಗರ್ ಬಾರ್ಬ್‌ಗಳ ವಿಷಯವನ್ನು ಚಿಕ್ಕದಾಗಿ ಮುಗಿಸಬಹುದು, ಏಕೆಂದರೆ ಅಲ್ಲಿ ಹೆಚ್ಚಿನ ನಿಶ್ಚಯಕ್ಕೆ ಅವಕಾಶವೇ ಉಳಿದಿಲ್ಲ. ಸುಮಾತ್ರಾದ ಪುಂಟಿಗ್ರಸ್ ಟೆಟ್ರಾಜೋನಾ, ಬೋರ್ನಿಯೊದ ಪುಂಟಿಗ್ರಸ್ ಆಂಕಿಸ್ಪೋರಸ್, ಬೆನ್ನಿನ ಈಜುರೆಕ್ಕೆಯ ಕೆಳಗೆ ಅರ್ಧಕ್ಕೇ ನಿಲ್ಲುವ ಹೆಚ್ಚುವರಿ ಪಟ್ಟೆಯ ಪುಂಟಿಗ್ರಸ್ ಪಾರ್ಟಿಪೆಂಟಜೋನಾ ಎಂಬ ಪ್ರಭೇದಗಳು ಪ್ರಕೃತಿಯಲ್ಲಿ ಬೇರೆ ಬೇರೆ. ಆದರೆ ತಲೆಮಾರುಗಳಿಂದ ಕೊಳಗಳಲ್ಲಿ ಬೆಳೆಸಿದ, ಹಸಿರು, ಬಿಳಿಚ, ಚಿನ್ನದ ತಳಿಗಳಾಗಿ ಆಯ್ದ ಅಂಗಡಿ ಮೀನಿಗೆ 'ಪುಂಟಿಗ್ರಸ್, ಸಾಕುತಳಿ' ಎಂದು ಬರೆದರೆ ಅದೇ ಸತ್ಯಕ್ಕೆ ಹತ್ತಿರ.

ಬಣ್ಣ, ಮಿಶ್ರಸಂತಾನ ಮತ್ತು ಡಿಎನ್‌ಎ

ಬಣ್ಣವನ್ನು ಕೊನೆಗೆ ನೋಡಬೇಕೆಂಬುದಕ್ಕೆ ಕಾರಣಗಳಿವೆ. ಸಾಗಾಟದಲ್ಲಿ ಬಳಲಿದ ಮೀನು ಬಿಳಿಚಿಕೊಳ್ಳುತ್ತದೆ. ಮೊಟ್ಟೆಯಿಡುವ ಕಾಲದ ಗಂಡು ತನ್ನದಲ್ಲವೆಂಬಷ್ಟು ಕೆಂಪೇರುತ್ತದೆ. ಬಣ್ಣ ಹೆಚ್ಚಿಸುವ ಆಹಾರ, ತೊಟ್ಟಿಯ ತಳದ ಬಣ್ಣ, ದೀಪದ ಬಗೆ ಇವೂ ಮೀನಿನ ಮೈಬಣ್ಣವನ್ನು ಬದಲಿಸುತ್ತವೆ. ಕಪ್ಪು ಕಲೆಯ ಸ್ಥಾನ ಬಣ್ಣಕ್ಕಿಂತ ಸ್ಥಿರ. ಆದ್ದರಿಂದ 'ಬಾಲದ ಬಳಿ ಕಪ್ಪು ಕಲೆ' ಎಂದು ಬರೆಯುವ ಬದಲು, ಪಾರ್ಶ್ವರೇಖೆಯ ಎಷ್ಟನೆಯ ಹುರುಪೆಯಿಂದ ಎಷ್ಟನೆಯದರವರೆಗೆ ಕಲೆ ಹಬ್ಬಿದೆ, ಅದು ಗುದದ ಈಜುರೆಕ್ಕೆಯ ಮೇಲಿದೆಯೋ ಹಿಂದಿದೆಯೋ ಎಂದು ಬರೆದುಕೊಳ್ಳಬೇಕು.

ಮಿಶ್ರಸಂತಾನ ಇನ್ನೊಂದು ತೊಡಕು. ಬಾರ್ಬ್‌ಗಳು ಮೊಟ್ಟೆಗಳನ್ನು ಗಿಡಗಳ ನಡುವೆ ಚೆಲ್ಲುತ್ತವೆಯೇ ಹೊರತು ಗೂಡು ಕಟ್ಟಿ ಕಾಯುವುದಿಲ್ಲವಾದ್ದರಿಂದ, ಹತ್ತಿರದ ಎರಡು ಪ್ರಭೇದಗಳನ್ನು ಒಂದೇ ತೊಟ್ಟಿಯಲ್ಲಿಟ್ಟರೆ ಯಾವ ಹೆಣ್ಣು ಯಾವ ಗಂಡಿನೊಡನೆ ಕೂಡಿತೆಂದು ಸಾಕುವವರಿಗೆ ತಿಳಿಯುವುದೇ ಇಲ್ಲ. ಎರಡು ಡಾಕಿನ್ಸಿಯಾಗಳನ್ನಾಗಲಿ, ಟಿಕ್ಟೊ ಬಗೆಯ ಎರಡು ಪೆಥಿಯಾಗಳನ್ನಾಗಲಿ ಒಟ್ಟಿಗೆ ಇಡದಿರುವುದೇ ಲೇಸು. ಹಾಗೆ ಹುಟ್ಟಿದ ಮರಿಗಳು ಮಾರುಕಟ್ಟೆಗೆ ಬಂದರೆ ಅವುಗಳಿಗೆ ಯಾವ ಪುಸ್ತಕದ ಲಕ್ಷಣವೂ ಹೊಂದುವುದಿಲ್ಲ.

ಡಿಎನ್‌ಎ ಪರೀಕ್ಷೆ ಎಲ್ಲವನ್ನೂ ಇತ್ಯರ್ಥಪಡಿಸುತ್ತದೆಂಬ ಭಾವನೆಯೂ ಪೂರ್ತಿ ಸರಿಯಲ್ಲ. ಜೀವಕೋಶದ ಮೈಟೊಕಾಂಡ್ರಿಯದಲ್ಲಿರುವ ಸಿಒಐ ಎಂಬ ಜೀನಿನ ಸುಮಾರು 650 ಅಕ್ಷರಗಳಷ್ಟು ಭಾಗವನ್ನು ಓದಿ, ಸಂಗ್ರಹದಲ್ಲಿರುವ ಮಾದರಿಗಳೊಡನೆ ಹೋಲಿಸುವ ಕ್ರಮಕ್ಕೆ ಡಿಎನ್‌ಎ ಬಾರ್‌ಕೋಡಿಂಗ್ ಎನ್ನುತ್ತಾರೆ. ಮೈಟೊಕಾಂಡ್ರಿಯ ತಾಯಿಯಿಂದ ಮಾತ್ರ ಬರುವುದರಿಂದ ಮಿಶ್ರಸಂತಾನದ ಮೀನು ಈ ಪರೀಕ್ಷೆಯಲ್ಲಿ ತಾಯಿಯ ಪ್ರಭೇದವಾಗಿಯೇ ಕಾಣಿಸುತ್ತದೆ. ಸಂಗ್ರಹದಲ್ಲಿರುವ ಮಾದರಿಗೇ ತಪ್ಪು ಹೆಸರಿದ್ದರೆ ಉತ್ತರವೂ ತಪ್ಪೇ. ಆದರೂ ತೊಟ್ಟಿಯಲ್ಲಿ ಸತ್ತ ಅಪರೂಪದ ಮೀನನ್ನು ಎಸೆಯುವುದಕ್ಕಿಂತ, ಮೊದಲು ಚಿತ್ರ ತೆಗೆದು, ಈಜುರೆಕ್ಕೆಯ ಒಂದು ಚೂರನ್ನು 95 ಪ್ರತಿಶತ ಆಲ್ಕೊಹಾಲಿನಲ್ಲಿ ಇಟ್ಟು, ಪ್ರಾಣಿಶಾಸ್ತ್ರ ವಿಭಾಗವಿರುವ ಕಾಲೇಜಿಗೋ ಮಂಗಳೂರಿನ ಮೀನುಗಾರಿಕೆ ಮಹಾವಿದ್ಯಾಲಯದಂತಹ ಸಂಸ್ಥೆಗೋ ವಿಚಾರಿಸಿ ತಲುಪಿಸುವುದು ಉಪಯುಕ್ತ. ಫಾರ್ಮಲಿನ್‌ನಲ್ಲಿ ಇಟ್ಟರೆ ಮೈಯ ಆಕಾರ ಚೆನ್ನಾಗಿ ಉಳಿಯುತ್ತದೆ, ಆದರೆ ಡಿಎನ್‌ಎ ಕೆಡುತ್ತದೆ.

ಹೆಸರಿನಿಂದ ಸಾಕಣೆಗೆ

ಗುರುತಿನ ಈ ಶ್ರಮ ಹೆಸರಿನ ಹೆಮ್ಮೆಗಾಗಿ ಅಲ್ಲ. ಪುಂಟಿಯಸ್ ಸೊಫೊರೆಯಂತಹ ಕೆರೆಮೀನು ಬಯಲುಸೀಮೆಯ ನಿಂತ ನೀರಿಗೆ ಒಗ್ಗಿದ್ದು. ಸಹ್ಯಾದ್ರಿಯಾ, ಹಲುದಾರಿಯಾಗಳು ಹರಿಯುವ, ಆಮ್ಲಜನಕ ತುಂಬಿದ, ಮೃದುವಾದ ಮಲೆನಾಡಿನ ನೀರಿನವು. ಬೆಂಗಳೂರು ಗ್ರಾಮಾಂತರದ ಕೊಳವೆಬಾವಿಯ ನೀರು ಸಾಮಾನ್ಯವಾಗಿ ಗಡಸಾಗಿರುವುದರಿಂದ, ಎರಡನೆಯ ಗುಂಪಿನ ಮೀನುಗಳಿಗೆ ಮಳೆನೀರನ್ನೋ ಶುದ್ಧೀಕರಿಸಿದ ನೀರನ್ನೋ ಬೆರೆಸಿ, ನೀರಿನ ಸೆಳೆತ ಇರುವಂತೆ ಪಂಪು ಅಳವಡಿಸಬೇಕಾಗುತ್ತದೆ. ಮೂರು ಸೆಂಟಿಮೀಟರಿನ ಡಾಕಿನ್ಸಿಯಾ ಮರಿ ಹತ್ತು ಸೆಂಟಿಮೀಟರು ಮೀರಿ ಬೆಳೆಯುವ ಮೀನೆಂದು ಕುಲ ತಿಳಿದವರಿಗೆ ಗೊತ್ತಿರುತ್ತದೆ. ಅಂಗಡಿಯ ಹೆಸರನ್ನು ಮಾತ್ರ ನಂಬಿದವರು ಅದನ್ನು ಎರಡು ಅಡಿ ತೊಟ್ಟಿಗೆ ಬಿಡುತ್ತಾರೆ.

ಪ್ರತಿ ತೊಟ್ಟಿಯ ಮೇಲೆ ಕುಲ, ಪ್ರಭೇದ, ಕೊಂಡ ದಿನಾಂಕ, ಮೂಲ ನದಿ ತಿಳಿದಿದ್ದರೆ ನದಿ, ಇಷ್ಟನ್ನು ಬರೆದ ಚೀಟಿ ಇರಬೇಕು. ಮೂಲ ತಿಳಿಯದ ಮೀನಿಗೆ ಕುಲದ ಹೆಸರನ್ನಷ್ಟೇ ಬರೆದು ಪ್ರಭೇದದ ಜಾಗವನ್ನು ಖಾಲಿ ಬಿಡುವುದು ಅಜ್ಞಾನದ ಲಕ್ಷಣವಲ್ಲ. ಸಂಗ್ರಹಾಲಯಗಳಲ್ಲೂ ಅದೇ ರೂಢಿ. ಊಹೆಯ ಪೂರ್ಣ ಹೆಸರು ಕೈಯಿಂದ ಕೈಗೆ ದಾಟುತ್ತಾ ಹೋಗಿ ಒಡೆಸ್ಸಾ ಬಾರ್ಬ್‌ಗೆ ಆದ ಗತಿಯನ್ನೇ ಇನ್ನೊಂದು ಮೀನಿಗೆ ತರುತ್ತದೆ.

ಕಾಡಿನ ತೊರೆಗಳಿಂದ ಮೀನು ಹಿಡಿದು ತರುವ ಆಲೋಚನೆ ಇರುವವರು ರಾಷ್ಟ್ರೀಯ ಉದ್ಯಾನ, ವನ್ಯಜೀವಿಧಾಮಗಳ ಒಳಗೆ ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧವೆಂಬುದನ್ನು ತಿಳಿದಿರಬೇಕು. ಹೊರಗಿನ ಹೊಳೆಗಳ ವಿಷಯದಲ್ಲೂ ಮೀನುಗಾರಿಕೆ ಮತ್ತು ಅರಣ್ಯ ಇಲಾಖೆಗಳನ್ನು ಮೊದಲು ವಿಚಾರಿಸಬೇಕು. ಸಾಕಿ ಬೇಸರವಾದ ಬಾರ್ಬ್‌ಗಳನ್ನು ಹೊಸಕೋಟೆಯ ಕೆರೆಗಾಗಲಿ, ಪಿಲ್ಲಗುಂಪೆಯ ಸುತ್ತಲಿನ ಕುಂಟೆಗಳಿಗಾಗಲಿ ಬಿಡಬಾರದು. ಅಲ್ಲಿ ಈಗಾಗಲೇ ಅವುಗಳ ನೆಂಟರಾದ ಗೆಂಡೆಗಳಿವೆ. ಹೊರಗಿನ ಮೀನು ರೋಗವನ್ನೂ ಬೆರಕೆಯನ್ನೂ ತರುತ್ತದೆ, ಮತ್ತು ಆ ನೀರು ಪಿನಾಕಿನಿಯೊಡನೆ ತಮಿಳುನಾಡನ್ನು ದಾಟಿ ಬಂಗಾಳಕೊಲ್ಲಿಯವರೆಗೂ ಹೋಗುತ್ತದೆ. ಬೇಡವಾದ ಮೀನನ್ನು ಅಂಗಡಿಗೆ ಹಿಂದಿರುಗಿಸಬೇಕು ಅಥವಾ ಸಾಕುವ ಇನ್ನೊಬ್ಬರಿಗೆ, ಚೀಟಿಯ ಸಮೇತ, ಕೊಡಬೇಕು.